ಮಗುವಿನ ಹೆಸರಿಗೆ ಕೆಟ್ಟ ಅರ್ಥ ಎಲ್ಲಿಂದ ಅಂಟ್ಕೊಳ್ಳುತ್ತೆ? ತಿಪ್ಪಯ್ಯನಿಂದ ರಕ್ಷಿತ್ ತನಕ

ಮನೇಲಿ ಮಗು ಹುಟ್ತಿದ್ದ ಹಾಗೇ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಹೆಸರುಗಳ ಲಿಸ್ಟ್ ಓಡಾಡೋಕೆ ಶುರುವಾಗುತ್ತೆ. ಒಬ್ರು ಕಳ್ಸಿದ್ದನ್ನ ಇನ್ನೊಬ್ರು ಬೇಡ ಅಂತಾರೆ, ಯಾಕಂದ್ರೆ ಆ ಹೆಸರಿನೋನು ಒಬ್ಬ ಊರೆಲ್ಲಾ ಸಾಲ ಮಾಡಿ ಓಡಿಹೋಗಿದ್ದ, ಇಲ್ಲಾ ಅಜ್ಜಿಗೆ ಅದು ಬೈಗುಳದ ಥರ ಕೇಳ್ಸುತ್ತೆ, ಇಲ್ಲಾ ಅಮೆರಿಕಾದಲ್ಲಿರೋ ಚಿಕ್ಕಪ್ಪ ಫೋನ್ ಮಾಡಿ "ಅದೊಂದು ಬೇಡ್ರಪ್ಪಾ, ಇಲ್ಲಿ ಸ್ಕೂಲಲ್ಲಿ ಮಗೂನ ಆಡ್ಕೋತಾರೆ" ಅಂತಾರೆ.

ಮೊದಲಾದ್ರೆ ಇದಕ್ಕೆಲ್ಲ ಟೈಮ್ ಇತ್ತು. ತೊಟ್ಟಿಲಲ್ಲಿ ಕರೆದ ಹೆಸರೊಂದು, ಸ್ಕೂಲಿಗೆ ಸೇರಿಸೋವಾಗ ಮೇಷ್ಟ್ರು ಬರ್ಕೊಂಡ ಹೆಸರು ಇನ್ನೊಂದು, ಹಾಗೇ ಎಷ್ಟೋ ಜನರ ಜೀವನ ನಡ್ಕೊಂಡು ಹೋಯ್ತು. ಈಗ ಹಾಗೆ ಆಗಲ್ಲ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂತು, ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಗೂ ಬಂತು. ಅವತ್ತಿಂದ ಈಚೆಗೆ ಹುಟ್ಟಿರೋ ಮಕ್ಕಳಿಗೆ ಸ್ಕೂಲ್ ಅಡ್ಮಿಷನ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಲಿಸ್ಟ್, ಮದುವೆ ನೋಂದಣಿ, ಸರ್ಕಾರಿ ಕೆಲಸ, ಆಧಾರ್ ಎಲ್ಲಕ್ಕೂ ಹುಟ್ಟಿದ ದಿನ ಮತ್ತು ಜಾಗಕ್ಕೆ ಬರ್ತ್ ಸರ್ಟಿಫಿಕೇಟೇ ದಾಖಲೆ. ಅಂದ್ಮೇಲೆ ಅದರಲ್ಲಿ ಬರೆಸಿದ ಹೆಸರೇ ಎಲ್ಲಾ ಕಡೆ ಮಗು ಜೊತೆ ಹೋಗುತ್ತೆ. ಹಾಗಾಗಿ ಹೆಸರಿಗೆ ಕೆಟ್ಟದ್ದು ಅನ್ನೋದು ಎಲ್ಲಿಂದ, ಹೇಗೆ ಬರುತ್ತೆ ಅಂತ ಬರೆಸೋ ಮುಂಚೆನೇ ತಿಳ್ಕೊಂಡಿರೋದು ಒಳ್ಳೇದು.

ಹೆಸರಿನ ಅರ್ಥ ಬೇರೆ, ಹೆಸರಿಗೆ ಅಂಟಿದ್ದು ಬೇರೆ

ನಿಘಂಟು ತೆಗೆದು ನೋಡಿದ್ರೆ ಸಿಗೋದು ಅರ್ಥ. ಹೆಸರು ಕೇಳ್ತಿದ್ದ ಹಾಗೆ ಜನರ ಮನಸ್ಸಿಗೆ ಬರೋದು ಅದಕ್ಕೆ ಅಂಟ್ಕೊಂಡಿರೋ ನೆನಪು. ಇವೆರಡೂ ಒಂದೇ ಆಗಿರ್ಬೇಕು ಅಂತೇನಿಲ್ಲ. ಶಕುನಿ ಅಂದ್ರೆ ಸಂಸ್ಕೃತದಲ್ಲಿ ಒಂದು ಹಕ್ಕಿ ಅಷ್ಟೇ, ಕೈಕೇಯಿ ಅಂದ್ರೆ ಕೇಕಯ ದೇಶದವಳು, ಎರಡರಲ್ಲೂ ಕೆಟ್ಟ ಅರ್ಥ ಒಂದು ಚೂರೂ ಇಲ್ಲ. ಆದ್ರೂ ಯಾರ ಮನೇಲೂ ಮಗನಿಗೆ ಶಕುನಿ ಅಂತ ಇಡಲ್ಲ, ಯಾಕಂದ್ರೆ ನಮ್ಮಲ್ಲಿ ಅದು ಹೆಸರಾಗಿ ಉಳಿದೇ ಇಲ್ಲ, ಮನೆ ಒಡೆಯೋರಿಗೆ ಬೈಯೋ ಮಾತಾಗಿದೆ. ಅದೇ ರಾವಣನ ಮಗ ಇಂದ್ರಜಿತ್ ಹೆಸರನ್ನ ಜನ ಖುಷಿಯಾಗಿ ಇಡ್ತಾರೆ, ಇಂದ್ರನ್ನ ಗೆದ್ದೋನು ಅನ್ನೋ ಭಾಗ ಮಾತ್ರ ಉಳ್ಕೊಂಡು ಬಾಕಿದ್ದು ಕಳಚಿಹೋಗಿದೆ. ಹೆಸರು ಉಪ್ಪಿನಕಾಯಿ ಭರಣಿ ಇದ್ದ ಹಾಗೆ, ಮಣ್ಣಿಗೆ ವಾಸನೆ ಇರಲ್ಲ, ಅದರೊಳಗೆ ಏನು ಎಷ್ಟು ದಿನ ಇತ್ತೋ ಅದರ ವಾಸನೆ ಹಿಡ್ಕೊಂಡ್ಬಿಡುತ್ತೆ.

ಉಲ್ಟಾನೂ ಆಗುತ್ತೆ. ಪಾಪಣ್ಣ, ಪಾಪಮ್ಮ ಅನ್ನೋ ಹೆಸರು ಹಳೇ ಮೈಸೂರು ಕಡೆ ಬೇಕಾದಷ್ಟಿವೆ. ನಮಗೆ ಪಾಪ ಅಂದ್ರೆ ಕೂಸು, ಹೆಸರು ಕೇಳಿದ್ರೆ ಮುದ್ದು ಬರುತ್ತೆ. ಅದೇ ಹೆಸರನ್ನ ಉತ್ತರ ಭಾರತದ ಆಫೀಸಲ್ಲಿ ಯಾರಾದ್ರೂ ಜೋರಾಗಿ ಓದಿದ್ರೆ ಕೇಳೋರಿಗೆ ಪಾಪ-ಪುಣ್ಯದ ಪಾಪವೇ ನೆನಪಾಗುತ್ತೆ. 2016ರ ಡಿಸೆಂಬರ್‌ನಲ್ಲಿ ಕರೀನಾ ಕಪೂರ್, ಸೈಫ್ ಅಲಿ ಖಾನ್ ತಮ್ಮ ಮಗನಿಗೆ ತೈಮೂರ್ ಅಂತ ಇಟ್ಟಾಗ ಎದ್ದ ಗಲಾಟೆ ಕೂಡ ಇದೇ ಥರದ್ದು, ಪದದ ಅರ್ಥ ಕಬ್ಬಿಣ, ಆದ್ರೆ ಕೇಳಿದ ತುಂಬಾ ಜನಕ್ಕೆ ನೆನಪಾಗಿದ್ದು 1398ರಲ್ಲಿ ದೆಹಲಿ ಲೂಟಿ ಮಾಡಿದ ತೈಮೂರ.

ಬೇಕಂತಲೇ ಇಟ್ಟ ಕೆಟ್ಟ ಹೆಸರು

ತಿಪ್ಪಯ್ಯ, ತಿಪ್ಪಮ್ಮ, ಹುಚ್ಚಪ್ಪ, ಹುಚ್ಚಮ್ಮ, ಕಲ್ಲಪ್ಪ, ಗುಂಡಪ್ಪ, ತಿರುಕಪ್ಪ, ಮಸಣಯ್ಯ. ಈಗಿನ ಮಕ್ಕಳು ಇವನ್ನ ಕೇಳಿ ನಗ್ತಾರೆ. ತಿಪ್ಪೆ, ಹುಚ್ಚು, ಕಲ್ಲು, ಭಿಕ್ಷೆ, ಸ್ಮಶಾನ, ಇವನ್ನೆಲ್ಲ ಯಾವ ತಾಯಿ ಮಗುಗೆ ಇಡ್ತಾಳೆ ಅಂತ ಕೇಳ್ತಾರೆ. ಉತ್ತರ ಏನಂದ್ರೆ, ಮಗು ಉಳೀಲಿ ಅಂತ ಹಂಬಲಿಸೋ ತಾಯಿ ಇಡ್ತಿದ್ಲು.

ಆ ಕಾಲ ಹೇಗಿತ್ತು ಅಂತ ಒಂದು ಲೆಕ್ಕ ನೋಡಿ. 1971ರಲ್ಲೂ ಭಾರತದಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬೋದ್ರೊಳಗೆ ತೀರಿಹೋಗ್ತಿದ್ವು, 2020ಕ್ಕೆ ಅದು 28ಕ್ಕೆ ಇಳ್ದಿತ್ತು. ಅದಕ್ಕೂ ಹಿಂದೆ ಇನ್ನೂ ಜಾಸ್ತಿನೇ. ಒಂದಾದ ಮೇಲೊಂದು ಎರಡು ಮೂರು ಕೂಸು ಕಳ್ಕೊಂಡ ಮನೆಗಳು ಊರಿಗೆ ಹತ್ತಾರು ಇರ್ತಿದ್ವು. ಲಸಿಕೆ ಇಲ್ಲ, ಡಾಕ್ಟ್ರಿಲ್ಲ, ಕೈಯಲ್ಲಿದ್ದಿದ್ದು ನಂಬಿಕೆ ಒಂದೇ. ಮುದ್ದಾದ ಮಗು ಮೇಲೆ ಕಣ್ಣು ಬೀಳುತ್ತೆ, ಜವರಾಯನ ಕಣ್ಣೂ ಬೀಳುತ್ತೆ, ಹಾಗಾಗಿ ಇದು ಯಾರಿಗೂ ಬೇಡದ ವಸ್ತು ಅಂತ ತೋರಿಸ್ಬೇಕು. ಕೆನ್ನೆ ಮೇಲೆ ಕಪ್ಪು ದೃಷ್ಟಿಬೊಟ್ಟು ಇಡೋದೂ ಇದೇ ಲೆಕ್ಕದಲ್ಲೇ, ಅಂದವನ್ನ ಸ್ವಲ್ಪ ಕೆಡಿಸಿ ಕಾಪಾಡೋದು. ಬೊಟ್ಟು ಸಂಜೆಗೆ ಅಳಿಸಿಹೋಗುತ್ತೆ, ಹೆಸರು ಉಳಿಯುತ್ತೆ.

ಬರೀ ಹೆಸರಿಗೆ ನಿಲ್ತಿರ್ಲಿಲ್ಲ, ಅದಕ್ಕೊಂದು ಶಾಸ್ತ್ರನೂ ಇತ್ತು, ಊರಿಂದೂರಿಗೆ ಸ್ವಲ್ಪ ಬೇರೆ ಬೇರೆ. ಮೊರದಲ್ಲಿ ಹಳೇ ಬಟ್ಟೆ ಹಾಸಿ ಕೂಸನ್ನ ಮಲಗಿಸಿ ತಿಪ್ಪೆ ಹತ್ರ ತಗೊಂಡೋಗಿ ಇಡೋರು, ಬೇರೆ ಮನೆಯಾಕೆ ಒಬ್ಳು ದಾರೀಲಿ ಬಂದವಳ ಥರ ಬಂದು, ಯಾರೋ ಬಿಟ್ಟುಹೋದ ಕೂಸು ಸಿಕ್ತು ಅಂತ ಎತ್ಕೊಳ್ಳೋಳು, ಹೆತ್ತ ತಾಯಿನೇ ಆಕೆಗೆ ಒಂದಿಷ್ಟು ತೌಡೋ ಪುಡಿಗಾಸೋ ಕೊಟ್ಟು ಕೂಸನ್ನ ಕೊಂಡ್ಕೊಳ್ಳೋಳು. ಅಲ್ಲಿಗೆ ಇದು ಹೊಟ್ಟೇಲಿ ಹುಟ್ಟಿದ ಕೂಸಲ್ಲ, ತಿಪ್ಪೇಲಿ ಸಿಕ್ಕಿದ ಕೂಸು, ಹೆಸರು ತಿಪ್ಪ. ಗಂಡುಮಗುಗೆ ಮೂಗು ಚುಚ್ಚಿಸಿ ಹೆಣ್ಣಿನ ಥರ ಬೆಳೆಸೋದೂ ಇದರದ್ದೇ ಇನ್ನೊಂದು ರೂಪ.

ಇದು ನಮ್ಮಲ್ಲಿ ಮಾತ್ರ ಇದ್ದಿದ್ದಲ್ಲ. ತಮಿಳಲ್ಲಿ ಕುಪ್ಪೈ ಅಂದ್ರೆ ಕಸ, ಅದರಿಂದ ಕುಪ್ಪುಸ್ವಾಮಿ, ಕುಪ್ಪಮ್ಮ. ಪಿಚ್ಚೈ ಅಂದ್ರೆ ಭಿಕ್ಷೆ, ಅದೂ ಹೆಸರೇ. ತೆಲುಗಲ್ಲಿ ಪೆಂಟ ಅಂದ್ರೆ ತಿಪ್ಪೆ, ಪೆಂಟಯ್ಯ ಬಂತು, ಶ್ರೀಕಾಕುಳಂ ಕಡೆ ತೌಡಿನಿಂದಲೇ ತವಿಟಯ್ಯ. ಮರಾಠಿಯಲ್ಲಿ ಧೋಂಡಾ ಅಂದ್ರೆ ಕಲ್ಲು, ವಿಧವೆಯರ ಓದಿಗಾಗಿ ಜೀವ ತೇದ, 1958ರಲ್ಲಿ ಭಾರತ ರತ್ನ ಪಡೆದ ಮಹರ್ಷಿ ಕರ್ವೆಯವರ ಹೆಸರು ಧೋಂಡೋ ಕೇಶವ ಕರ್ವೆ. ಬಂಗಾಳದ ಖುದಿರಾಮ್ ಬೋಸ್ ಹೆಸರಲ್ಲಿರೋ ಖುದ್ ಅಂದ್ರೆ ನುಚ್ಚಕ್ಕಿ. ಮೊದಲು ಹುಟ್ಟಿದ್ದ ಗಂಡುಮಕ್ಕಳು ಉಳೀದೇ ಇದ್ದಿದ್ದಕ್ಕೆ, 1889ರಲ್ಲಿ ಹುಟ್ಟಿದ ಇವನನ್ನ ಅಕ್ಕನೇ ಮೂರು ಹಿಡಿ ನುಚ್ಚಕ್ಕಿ ಕೊಟ್ಟು ಕೊಂಡ್ಕೊಂಡ್ಲು. ಸಾವಿನ ಕಣ್ಣು ತಪ್ಪಿಸೋಕೆ ಇಟ್ಟ ಆ ಹೆಸರಿನ ಹುಡುಗನನ್ನ 1908ರ ಆಗಸ್ಟ್ 11ರಂದು ಬ್ರಿಟಿಷರು ಗಲ್ಲಿಗೇರಿಸಿದ್ರು, ಅವನಿಗೆ ಆಗ 18 ವರ್ಷ.

ಸಮುದ್ರ ದಾಟಿದ್ರೂ ಇದೇ ಕಥೆ. ಕೊರಿಯಾದ ರಾಜ ಗೊಜೊಂಗ್‌ಗೆ ಚಿಕ್ಕಂದಿನಲ್ಲಿ ನಾಯಿ ಹೇಲು ಅನ್ನೋ ಅರ್ಥದ ಹೆಸರಿತ್ತು. ನೈಜೀರಿಯಾದ ಯೊರುಬಾ ಜನರಲ್ಲಿ ಮಕ್ಕಳು ಪದೇಪದೇ ತೀರಿಹೋದ್ರೆ ಮುಂದಿನ ಕೂಸಿಗೆ ಮಾಲೊಮೊ ಅಂತ ಇಡ್ತಾರೆ, ಮತ್ತೆ ಹೋಗ್ಬೇಡ ಅಂತ ಅರ್ಥ. ಒಬ್ಬರನ್ನೊಬ್ಬರು ಕಂಡೇ ಇರದ ಜನ ಒಂದೇ ದುಃಖಕ್ಕೆ ಹೆಚ್ಚುಕಮ್ಮಿ ಒಂದೇ ಉಪಾಯ ಹುಡುಕ್ಕೊಂಡಿದ್ರು.

ಅದೇ ಹೆಸರು, ಇಟ್ಟ ಕೈ ಬೇರೆ

ಇಲ್ಲಿ ಒಂದು ಕಡೆ ಹುಷಾರಾಗಿರ್ಬೇಕು. ಕೆಟ್ಟ ಅರ್ಥದ ಹೆಸರೆಲ್ಲ ಪ್ರೀತಿಯಿಂದ ಬಂದಿದ್ದು ಅಂದ್ರೆ ಅರ್ಧ ಸತ್ಯ ಆಗುತ್ತೆ. ಮನುಸ್ಮೃತಿಯ ಎರಡನೇ ಅಧ್ಯಾಯದ 31ನೇ ಶ್ಲೋಕ ಬ್ರಾಹ್ಮಣನ ಹೆಸರು ಮಂಗಳಕರವಾಗಿರ್ಬೇಕು, ಕ್ಷತ್ರಿಯನದ್ದು ಬಲ, ವೈಶ್ಯನದ್ದು ಸಂಪತ್ತು ಹೇಳ್ಬೇಕು, ಶೂದ್ರನ ಹೆಸರು ಮಾತ್ರ ಜುಗುಪ್ಸೆ ಹುಟ್ಟಿಸೋ ಥರ ಇರ್ಬೇಕು ಅಂತ ಬರ್ದೇ ಇಟ್ಟಿದೆ. ಅಂದ್ರೆ ಹೆಸರಿನ ಮೂಲಕವೇ ಯಾರು ಮೇಲೆ ಯಾರು ಕೆಳಗೆ ಅಂತ ಕೂಗಿ ಹೇಳೋ ಏರ್ಪಾಡು. ಕರಿಯಪ್ಪ ಅಂತ ಇಟ್ಟ ಹೆಸರಲ್ಲಿ ಅಪ್ಪ ಕಿತ್ತು ಬರೀ "ಲೇ ಕರಿಯಾ" ಅಂತ ಊರಿನ ಗೌಡ ಕೂಗೋದು, ವಯಸ್ಸಲ್ಲಿ ದೊಡ್ಡೋರಾದ್ರೂ ಹಾಗೇ ಕರೆಯೋದು, ಇದನ್ನೆಲ್ಲ ಕಂಡ ಹಿರಿಯರು ಇನ್ನೂ ಇದ್ದಾರೆ. ಆ ಮನೆಗಳ ಮೊಮ್ಮಕ್ಕಳು ತಮ್ಮ ಮಕ್ಕಳಿಗೆ ಸಂಸ್ಕೃತದ ಹೆಸರನ್ನೋ, ಸಿದ್ಧಾರ್ಥ, ರಾಹುಲ್ ಥರ ಬೌದ್ಧ ನೆನಪಿನ ಹೆಸರನ್ನೋ ಆರಿಸ್ಕೊಂಡ್ರೆ ಅದನ್ನ ಫ್ಯಾಷನ್ ಅಂತ ಮಾತ್ರ ನೋಡೋದು ತಪ್ಪಾಗುತ್ತೆ.

ಇನ್ನೊಂದು ಕಡೆ, ತಿಪ್ಪೇಸ್ವಾಮಿ ಅನ್ನೋ ಹೆಸರು ಕೇಳಿದ ತಕ್ಷಣ ತಿಪ್ಪೆ ಅಂತ ನಗೋರಿಗೆ ಚಿತ್ರದುರ್ಗದ ಕಡೆಯೋರು ಒಪ್ಪಲ್ಲ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ, "ಮಾಡಿದಷ್ಟು ನೀಡು ಭಿಕ್ಷೆ" ಅಂದ ಸಂತರು, ಕೆರೆ ಕಟ್ಟೆ ಕಟ್ಟಿಸಿದೋರು ಅಂತ ಜನ ನೆನೀತಾರೆ, ಅವರ ಹೆಸರನ್ನೇ ಅಲ್ಲಿ ಮನೆಮನೇಲಿ ಇಡ್ತಾರೆ. ಅವರಿಗೆ ಅದು ಸ್ವಾಮಿಯ ಹೆಸರು. ಮಸಣಯ್ಯ ಅನ್ನೋದೂ ಅಷ್ಟೇ, ಸ್ಮಶಾನವಾಸಿ ಶಿವನ ನೆನಪು, 12ನೇ ಶತಮಾನದ ವಚನಕಾರರಲ್ಲಿ ಗಜೇಶ ಮಸಣಯ್ಯ ಅಂತ ಒಬ್ರಿದ್ದಾರೆ. ಒಂದೇ ಹೆಸರು ಒಂದು ಮನೇಲಿ ಹರಕೆ, ಇನ್ನೊಂದು ಮನೇಲಿ ಭಕ್ತಿ, ಮತ್ತೊಂದು ಕಡೆ ಅವಮಾನ. ಅಕ್ಷರ ನೋಡಿ ಯಾವ್ದು ಅಂತ ಹೇಳೋಕಾಗಲ್ಲ, ಯಾರು ಯಾಕೆ ಇಟ್ರು ಅಂತ ಕೇಳ್ಬೇಕು.

"ಸಾಕು", "ಬೇಡ" ಅನ್ನೋ ಹೆಣ್ಣುಮಕ್ಕಳು

ಎಲ್ಲಕ್ಕಿಂತ ನೋವು ಕೊಡೋ ಹೆಸರುಗಳು ಇವು. ಸಾಲಾಗಿ ಹೆಣ್ಣೇ ಹುಟ್ಟಿದಾಗ ಇದೇ ಕೊನೆ ಆಗ್ಲಿ, ಮುಂದಿನದ್ದು ಗಂಡಾಗ್ಲಿ ಅಂತ ಇಡೋ ಹೆಸರು. ಮರಾಠಿಯಲ್ಲಿ ನಕೋಶಿ, ನಕುಸಾ, ಅಂದ್ರೆ ಬೇಡವಾದವಳು. ತಮಿಳುನಾಡಿನ ಕೆಲವು ಕಡೆ ವೇಂಡಾಂ, ಅಂದ್ರೆ ಬೇಡ. ಹರಿಯಾಣದಲ್ಲಿ ಭತೇರಿ, ಅಂದ್ರೆ ಸಾಕಾದಷ್ಟಾಯ್ತು. ಬಂಗಾಳದಲ್ಲಿ ಅನ್ನಕಾಳಿ, ಕೇಳೋಕೆ ದೇವಿ ಹೆಸರಿನ ಥರ, ಅದರೊಳಗಿರೋದು ಇನ್ನು ಬೇಡ ತಾಯಿ ಕಾಳಿ ಅನ್ನೋ ಬೇಡಿಕೆ.

ನಮ್ಮ ಸಾಕಮ್ಮ ಅನ್ನೋ ಹೆಸರನ್ನೂ ಕೆಲವರು ಇದೇ ಸಾಲಿಗೆ ಸೇರಿಸ್ತಾರೆ, ಆದ್ರೆ ಕನ್ನಡದಲ್ಲಿ ಸಾಕು ಅಂದ್ರೆ ಸಲಹು ಅಂತಲೂ ಇದೆ, ಸಾಕಿದ ತಾಯಿ ಅಂತಲೂ ಆಗುತ್ತೆ, ಹಾಗಾಗಿ ಎಲ್ಲಾ ಸಾಕಮ್ಮಂದಿರನ್ನೂ ಬೇಡದ ಮಕ್ಕಳು ಅನ್ನೋಕಾಗಲ್ಲ. ಬೆಂಗಳೂರಿನ ಬಸವನಗುಡಿಯಲ್ಲಿ ಕಾಫಿಪುಡಿ ಸಾಕಮ್ಮ ಅಂತಲೇ ಹೆಸರಾದ ಉದ್ಯಮಿ ಇದ್ರು, ಅವರಿಂದಾಗಿ ಆ ಹೆಸರು ಕೇಳಿದ್ರೆ ಹಳೇ ಬೆಂಗಳೂರಿನೋರಿಗೆ ಕಾಫಿ ಘಮವೇ ನೆನಪಾಗ್ತಿತ್ತು.

ತಿಪ್ಪ ಅನ್ನೋ ಹೆಸರು ಸಾವಿಗೆ ಹೇಳ್ತಿದ್ದ ಸುಳ್ಳು, ಮನೆಯೋರಿಗೆ ಮಗು ಬೇಕೇ ಬೇಕು. ನಕುಸಾ ಅನ್ನೋದು ಮನೆಯೋರೇ ಮಗುಗೆ ಹೇಳ್ತಿದ್ದ ನಿಜ. ಸ್ಕೂಲಲ್ಲಿ ಹಾಜರಿ ಕೂಗೋವಾಗ ದಿನಾ ಬೇಡವಾದವಳು ಅಂತ ಕೇಳಿಸ್ಕೊಂಡು ಆ ಮಗು ಎದ್ದು ನಿಂತು ಯೆಸ್ ಸರ್ ಅನ್ಬೇಕು. ಇದನ್ನ ಸರಿ ಮಾಡೋಕೆ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಅಧಿಕಾರಿಗಳು ಅಂಥ ಹುಡುಗಿಯರನ್ನ ಹುಡುಕಿ ಪಟ್ಟಿ ಮಾಡಿದ್ರು, 2011ರ ಅಕ್ಟೋಬರ್‌ನಲ್ಲಿ ಒಂದು ಸಮಾರಂಭ ಮಾಡಿ 285 ಹುಡುಗಿಯರಿಗೆ ಹೊಸ ಹೆಸರಿನ ಸರ್ಟಿಫಿಕೇಟ್ ಕೊಟ್ರು. ಹೊಸ ಹೆಸರಿಗೆ ಕೆಲವರು ಸಿನಿಮಾ ನಟಿಯರ ಹೆಸರನ್ನೂ ಆರಿಸ್ಕೊಂಡ್ರು. ಆರಿಸ್ಕೊಳ್ಳಿ ಬಿಡಿ, ಅವರ ಹೆಸರು ಅವರಿಗಿಷ್ಟ.

ಯಾರೋ ಮಾಡಿದ್ದು, ಹೆಸರಿನ ಮೇಲೆ ಬಂದಿದ್ದು

ಮೂಗುತಿ ವಿಷಯ ಆಗ್ಲೇ ಬಂತಲ್ಲ, ನಾಥೂರಾಮ್ ಅನ್ನೋ ಹೆಸರು ಅಲ್ಲಿಂದಲೇ ಬಂದಿದ್ದು. ಗೋಡ್ಸೆಗೆ ಮೊದಲಿಟ್ಟ ಹೆಸರು ರಾಮಚಂದ್ರ. ಅವನಿಗಿಂತ ಮುಂಚೆ ಹುಟ್ಟಿದ ಗಂಡುಮಕ್ಕಳು ಉಳೀಲಿಲ್ಲ ಅಂತ ಅವನಿಗೆ ಮೂಗು ಚುಚ್ಚಿಸಿ ನತ್ತು ಹಾಕಿ ಬೆಳೆಸಿದ್ರು, ನತ್ತಿನ ರಾಮ ನಾಥೂರಾಮ್ ಆದ. 1948ರ ಜನವರಿ 30ಕ್ಕೆ ಮುಂಚೆ ಅದೊಂದು ಮಾಮೂಲಿ ಹೆಸರು. ಗಾಂಧೀಜಿಯನ್ನ ಕೊಂದ ಮೇಲೆ ಆ ಹೆಸರು ಒಬ್ಬನದ್ದೇ ಆಗ್ಬಿಡ್ತು.

ಮನುಷ್ಯರೇ ಆಗ್ಬೇಕು ಅಂತಿಲ್ಲ. ಅಮೆರಿಕಾದಲ್ಲಿ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿ ವರ್ಷ ಯಾವ ಹೆಸರನ್ನ ಎಷ್ಟು ಮಕ್ಕಳಿಗೆ ಇಟ್ರು ಅಂತ ಪಟ್ಟಿ ಹಾಕುತ್ತೆ, ಅದರಲ್ಲಿ ಇಂಥದ್ದು ಚೆನ್ನಾಗಿ ಕಾಣುತ್ತೆ. 2005ರಲ್ಲಿ ಕತ್ರೀನಾ ಅನ್ನೋ ಚಂಡಮಾರುತ ಬಂದ್ಮೇಲೆ ಆ ಹೆಸರಿಡೋದು ಕಮ್ಮಿಯಾಯ್ತು. ಈಜಿಪ್ಟಿನ ದೇವಿ ಐಸಿಸ್ ಹೆಸರು, ಅದೇ ಹೆಸರಿನ ಉಗ್ರರ ಗುಂಪು ಸುದ್ದಿಯಲ್ಲಿ ಬಂದ ಮೇಲೆ ಕುಸೀತು. ಅಮೆಜಾನ್ ತನ್ನ ಸ್ಪೀಕರ್ ಕರೆಯೋಕೆ ಅಲೆಕ್ಸಾ ಅಂತ ಇಟ್ಟ ಮೇಲೆ ಆ ಹೆಸರಿನ ಹುಡುಗೀರನ್ನ ಕಂಡಕಂಡೋರು ಲೈಟ್ ಹಾಕು, ಹಾಡು ಹಾಕು ಅಂತ ಕಾಡಿಸಿದ್ರು, ಅದನ್ನ ಇಡೋರೂ ಬಹಳ ಕಮ್ಮಿಯಾದ್ರು. ನಮ್ಮ ದೇಶದಲ್ಲಿ 2020ರ ಮಾರ್ಚ್‌ನಲ್ಲಿ ಉತ್ತರ ಪ್ರದೇಶ, ಛತ್ತೀಸಗಢದ ಕಡೆ ಕೆಲವು ಕೂಸುಗಳಿಗೆ ಕೊರೊನಾ, ಕೋವಿಡ್ ಅಂತಲೇ ಇಟ್ಟ ಸುದ್ದಿ ಬಂತು. ಆಗಿನ್ನೂ ಲಾಕ್‌ಡೌನ್ ಶುರುವಾಗಿತ್ತಷ್ಟೇ, ಎಷ್ಟು ಮನೆ ಬರಿದಾಗುತ್ತೆ ಅಂತ ಯಾರಿಗೂ ಗೊತ್ತಿರ್ಲಿಲ್ಲ.

ಗಡಿ ದಾಟಿದ್ರೆ ಬೇರೆ ಕಿವಿ

ರಕ್ಷಿತ್, ಹರ್ಷಿತ್, ಲಕ್ಷಿತ್, ದೀಕ್ಷಿತ್, ಪರೀಕ್ಷಿತ್. ಕನ್ನಡದಲ್ಲಿ ಎಲ್ಲವೂ ಚೆಂದದ ಹೆಸರುಗಳು. ಇಂಗ್ಲಿಷಲ್ಲಿ ಬರೆದ ತಕ್ಷಣ ಕೊನೇ ನಾಲ್ಕಕ್ಷರ ಮಲಕ್ಕೆ ಬಳಸೋ ಬೈಗುಳದ ಪದ ಆಗುತ್ತೆ. ನಾವು ತ್ ಬರೆಯೋಕೆ ಟಿ ಜೊತೆ ಎಚ್ ಸೇರಿಸ್ತೀವಿ, ಅದರಿಂದ ಉಚ್ಚಾರಣೆ ಸ್ವಲ್ಪ ಮೆತ್ತಗಾಗುತ್ತೆ, ಆದ್ರೆ ಒಳಗಿನ ನಾಲ್ಕಕ್ಷರ ಹಾಗೇ ಇರುತ್ತೆ. ಐ ಬದಲು ಎರಡು ಇ ಹಾಕಿ ಬರೆದ್ರೆ ಆ ಪದ ಒಡೆದುಹೋಗುತ್ತೆ. ಪೂಜಾ ಅನ್ನೋ ಹೆಸರಿನ ಮೊದಲ ಅಕ್ಷರ ಪೂ ಅಂದ್ರೆ ಇಂಗ್ಲಿಷ್ ಮಕ್ಕಳ ಮಾತಲ್ಲಿ ಕಕ್ಕ, ಅದನ್ನ ಹಿಡ್ಕೊಂಡೂ ಇಂಗ್ಲಿಷ್ ಮಾತಾಡೋ ಚಿಕ್ಕ ಮಕ್ಕಳು ಆಡ್ಕೊಳ್ಳೋದುಂಟು.

ಮನುಷ್ಯರಿಗಾದ್ರೂ ತಿಳಿಸಿ ಹೇಳ್ಬೋದು, ಕಂಪ್ಯೂಟರ್‌ಗೆ ಕಷ್ಟ. ಕೆಟ್ಟ ಪದ ತಡೆಯೋ ಸಾಫ್ಟ್‌ವೇರ್‌ಗಳಲ್ಲಿ ಕೆಲವು ಹೆಸರನ್ನ ಹೆಸರಾಗಿ ಓದಲ್ಲ, ಒಳಗೆ ಬೈಗುಳದ ಅಕ್ಷರಗಳು ಸಾಲಾಗಿ ಇದ್ಯಾ ಅಂತ ಮಾತ್ರ ಹುಡುಕ್ತವೆ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ಥಾರ್ಪ್ ಅನ್ನೋ ಊರಿನೋರಿಗೆ ಎಒಎಲ್ ಅನ್ನೋ ಇಂಟರ್ನೆಟ್ ಕಂಪನಿಯಲ್ಲಿ ಅಕೌಂಟ್ ತೆರೆಯೋಕೇ ಆಗ್ಲಿಲ್ಲ, ಊರಿನ ಹೆಸರಿನೊಳಗೆ ಅಂಥ ನಾಲ್ಕಕ್ಷರ ಇತ್ತು ಅಂತ. ಈ ತೊಂದರೆಗೆ ಇವತ್ತಿಗೂ ಆ ಊರಿನ ಹೆಸರಿಂದಲೇ ಕರೀತಾರೆ.

ಇನ್ನು ನಮ್ಮ ಭಾಷೆಯೊಳಗೇ ಎಡವೋದಿದೆ. ಹೆಸರಿನ ವೆಬ್‌ಸೈಟಲ್ಲಿ ಕೃತ್ಯಾ ಅಂತ ನೋಡಿ, ಅರ್ಥ ಕ್ರಿಯೆ ಅಂತಿದೆ ಅಂತ ಇಟ್ಬಿಡ್ತಾರೆ. ಸಂಸ್ಕೃತದಲ್ಲಿ ಕೃತ್ಯಾ ಅಂದ್ರೆ ಮಾಟ ಮಾಡಿ ಎಬ್ಬಿಸೋ ದುಷ್ಟ ಶಕ್ತಿ, ಕನ್ನಡ ಪೇಪರಲ್ಲಂತೂ ಕೃತ್ಯ ಅನ್ನೋದು ಕ್ರೈಂ ಪೇಜಲ್ಲೇ ಜಾಸ್ತಿ ಬರೋದು. ತೃಷಾ ಅಂದ್ರೆ ಬಾಯಾರಿಕೆ, ಕೃಶಾ ಅಂದ್ರೆ ಸೊರಗಿದವಳು. ಇಟ್ಟೋರ ಪ್ರೀತಿಗೆ ಇದರಿಂದೇನೂ ಕಮ್ಮಿಯಾಗಲ್ಲ, ಆದ್ರೂ ಗೊತ್ತಿದ್ದು ಇಡೋದಕ್ಕೂ ಗೊತ್ತಿಲ್ದೇ ಇಡೋದಕ್ಕೂ ವ್ಯತ್ಯಾಸ ಇದೆ.

ಸರ್ಕಾರ ಈ ಹೆಸರು ಬೇಡ ಅನ್ಬೋದಾ?

ಕೆಲವು ದೇಶಗಳಲ್ಲಿ ಅನ್ಬೋದು. ಫ್ರಾನ್ಸಲ್ಲಿ 1993ರಿಂದ ತಂದೆತಾಯಿಗೆ ಸ್ವಾತಂತ್ರ್ಯ ಇದೆ, ಆದ್ರೆ ಹೆಸರಿಂದ ಮಗುಗೆ ತೊಂದರೆ ಅಂತ ನೋಂದಣಿ ಅಧಿಕಾರಿಗೆ ಅನ್ಸಿದ್ರೆ ವಿಷಯ ಕೋರ್ಟ್ ತನಕ ಹೋಗುತ್ತೆ. ವ್ಯಾಲೆನ್ಸಿಯೆನ್ ಊರಿನ ಕೋರ್ಟು ನ್ಯೂಟೆಲ್ಲಾ (ಬ್ರೆಡ್ಡಿಗೆ ಹಚ್ಚೋ ಚಾಕೊಲೇಟ್ ಸ್ಪ್ರೆಡ್‌ನ ಬ್ರ್ಯಾಂಡ್) ಅನ್ನೋ ಹೆಸರನ್ನ ಒಪ್ಲಿಲ್ಲ, ಮಗುವಿನ ಹೆಸರು ಎಲಾ (Ella) ಅಂತಾಯ್ತು. ಜಪಾನಲ್ಲಿ 1993ರಲ್ಲಿ ಒಬ್ಬ ತಂದೆ ಮಗನಿಗೆ ಅಕುಮಾ, ಅಂದ್ರೆ ದೆವ್ವ ಅಂತ ಬರೆಸೋಕೆ ಹೋಗಿ ದೇಶವೆಲ್ಲ ಚರ್ಚೆ ಆಯ್ತು, ಕೊನೆಗೆ ಬೇರೆ ಹೆಸರಿಡ್ಬೇಕಾಯ್ತು. 2008ರಲ್ಲಿ ಸುದ್ದಿಯಾದ ನ್ಯೂಜಿಲೆಂಡ್ ಪ್ರಕರಣದಲ್ಲಿ ಹವಾಯಿಯ ಹುಲಾ ಕುಣಿಯೋ ತಲೂಲಾ ಅಂತ ಒಂದಿಡೀ ವಾಕ್ಯವನ್ನೇ ಹೆಸರಾಗಿಟ್ಟಿದ್ದ ಒಂಬತ್ತು ವರ್ಷದ ಹುಡುಗಿಯನ್ನ ಜಡ್ಜ್ ಕೋರ್ಟಿನ ರಕ್ಷಣೆಗೆ ತಗೊಂಡು ಹೆಸರು ಬದಲಾಯಿಸೋಕೆ ದಾರಿ ಮಾಡಿದ್ರು. ಆ ಮಗು ತನ್ನ ನಿಜವಾದ ಹೆಸರನ್ನ ಗೆಳತಿಯರಿಗೂ ಹೇಳ್ದೆ ಬರೀ ಕೆ ಅಂತ ಕರೆಸ್ಕೊಳ್ತಿತ್ತು.

ನಮ್ಮ 1969ರ ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಇಂಥಿಂಥ ಹೆಸರು ಇಡ್ಬಾರ್ದು ಅನ್ನೋ ಪಟ್ಟಿ ಇಲ್ಲ. ಆರಿಸೋ ಜವಾಬ್ದಾರಿ ಪೂರ್ತಿ ಮನೆಯೋರದ್ದು.

ಬರೆಸೋ ಮುಂಚೆ, ಬರೆಸಿದ ಮೇಲೆ

ಜನನವನ್ನ 21 ದಿನದೊಳಗೆ ನೋಂದಣಿ ಮಾಡಿಸ್ಬೇಕು, ಆದ್ರೆ ಅಷ್ಟರೊಳಗೆ ಹೆಸರೂ ಇಟ್ಟಿರ್ಲೇಬೇಕು ಅಂತಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿರಲ್ಲ, ಆಸ್ಪತ್ರೇಲಿ ಕೇಳಿದ್ರು ಅಂತ ಗಡಿಬಿಡೀಲಿ ಬಾಯಿಗೆ ಬಂದಿದ್ದು ಬರೆಸ್ಬಿಡ್ತಾರೆ. ಹೆಸರಿಲ್ಲದೇನೂ ನೋಂದಣಿ ಆಗುತ್ತೆ, ಆಮೇಲೆ ಒಂದು ವರ್ಷದೊಳಗೆ ಫೀಸ್ ಇಲ್ದೆ ಹೆಸರು ಸೇರಿಸ್ಬೋದು, ಅದೂ ದಾಟಿದ್ರೆ 15 ವರ್ಷದ ತನಕ ತಡವಾದ ಶುಲ್ಕ ಕಟ್ಟಿ ಸೇರಿಸ್ಬೋದು. ಕರ್ನಾಟಕದಲ್ಲಿ ಈ ದಾಖಲೆಗಳು ಇ-ಜನ್ಮ ವ್ಯವಸ್ಥೆಯಲ್ಲಿರ್ತವೆ.

ಆ ಟೈಮನ್ನ ಬಳಸ್ಕೊಳ್ಳಿ. ಮನಸ್ಸಿಗೆ ಬಂದ ಹೆಸರನ್ನ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಲ್ಲೋ ಆನ್‌ಲೈನ್ ಅಲರ್ ನಿಘಂಟಲ್ಲೋ ಹುಡುಕಿ, ಹೆಸರಿನ ವೆಬ್‌ಸೈಟ್ ಹೇಳೋ ಅರ್ಥ ಒಂದನ್ನೇ ನಂಬ್ಬೇಡಿ. ಮನೇಲಿ ಹಿರಿಯರ ಮುಂದೆ ಜೋರಾಗಿ ಕೂಗಿ ನೋಡಿ, ಇಂಗ್ಲಿಷಲ್ಲಿ ಇನಿಷಿಯಲ್ ಸಮೇತ ಬರೆದು ನೋಡಿ, ಇಂಟರ್ನೆಟ್ಟಲ್ಲಿ ಆ ಹೆಸರು ಹಾಕಿದ್ರೆ ಮೊದಲಿಗೆ ಯಾರ ಫೋಟೋ ಬರುತ್ತೆ ನೋಡಿ. ತೆಲುಗು, ತಮಿಳು, ಹಿಂದಿ ಮಾತಾಡೋ ಪರಿಚಯದೋರು ಇದ್ರೆ ಒಂದ್ಸಲ ಅವರ ಕಿವಿಗೂ ಹಾಕಿ.

ಬರೆಸಿ ಆಗಿದ್ರೆ ದಾರಿ ಸ್ವಲ್ಪ ಉದ್ದ. ಕಾಯ್ದೆಯ 15ನೇ ಸೆಕ್ಷನ್ನಲ್ಲಿ ತಪ್ಪು ಬಿದ್ದಿರೋದನ್ನ ತಿದ್ದೋ ಅವಕಾಶ ಇದೆ, ಅಕ್ಷರ ತಪ್ಪಿದ್ರೆ ಅಲ್ಲಿ ಕೇಳ್ಬೋದು, ಆದ್ರೆ ಹೆಸರು ಇಷ್ಟ ಆಗ್ಲಿಲ್ಲ ಅಂದ್ರೆ ಅದನ್ನ ಸಾಮಾನ್ಯವಾಗಿ ತಪ್ಪು ಅಂತ ಒಪ್ಪಲ್ಲ. ಪೂರ್ತಿ ಹೆಸರೇ ಬದಲಾಯಿಸ್ಬೇಕು ಅಂದ್ರೆ ಅಫಿಡವಿಟ್, ಪೇಪರಲ್ಲಿ ಜಾಹೀರಾತು, ಗೆಜೆಟ್ಟಲ್ಲಿ ಪ್ರಕಟಣೆ, ಆಮೇಲೆ ಆಧಾರ್, ಸ್ಕೂಲು, ಬ್ಯಾಂಕ್ ಒಂದೊಂದಾಗಿ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ಗೆ ಹೆಸರು ಹೋದ್ಮೇಲೆ ಅಲೆದಾಟ ಇನ್ನೂ ಜಾಸ್ತಿ. ಹಾಗಾಗಿ ಮಗು ತನ್ನ ಹೆಸರಿನ ಬಗ್ಗೆ ಮನೇಲಿ ಬಂದು ಅಳ್ತಿದ್ರೆ, ಅದು ಒಂಬತ್ತನೇ ಕ್ಲಾಸು ಮುಗ್ಸೋದ್ರೊಳಗೆ ಕೂತ್ಕೊಂಡು ಮಾತಾಡಿ, ಬದಲಾಯಿಸೋದಿದ್ರೆ ಆಗ್ಲೇ ಬದಲಾಯಿಸಿ, ಹೊಸ ಹೆಸರು ಯಾವ್ದು ಬೇಕು ಅಂತ ಮಗುನೇ ಕೇಳಿ.